ಕೈ ಹಚ್ಚುವ ಮುನ್ನ: ಮಸಾಜ್ ವೃತ್ತಿಗೆ ಬರುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗದ ಕಡೆ ಮಾಲೀಸು ಹೊಸ ವಿಷಯವಲ್ಲ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವ ಅಜ್ಜಿ, ನರಕ ಚತುರ್ದಶಿಯ ಬೆಳಗ್ಗೆ ಮನೆಮಂದಿಗೆಲ್ಲ ಎಣ್ಣೆ ಹಚ್ಚುವ ತಾಯಿ, ಗರಡಿ ಮನೆಯಲ್ಲಿ ಸಾಮು ಮುಗಿಸಿದ ಹುಡುಗರ ತೊಡೆ ತಿಕ್ಕುವ ಉಸ್ತಾದರು, ಇವರೆಲ್ಲರ ಕೈ ನೋಡಿಕೊಂಡೇ ನಾವು ಬೆಳೆದಿದ್ದೇವೆ. ಆದ್ದರಿಂದ ಈ ವೃತ್ತಿಗೆ ಬರುವ ಹುಡುಗ ಹುಡುಗಿಯರಿಗೆ ಅರ್ಧ ವಿದ್ಯೆ ಆಗಲೇ ಬಂದಿದೆ ಎಂಬ ಧೈರ್ಯ ಇರುತ್ತದೆ. ಕೈಯ ಮಟ್ಟಿಗೆ ಆ ಧೈರ್ಯ ತಪ್ಪಲ್ಲ. ಆದರೆ ಅಜ್ಜಿಗೆ ಆ ಕೂಸಿನ ಮೈ ಹುಟ್ಟಿದಂದಿನಿಂದ ಗೊತ್ತು, ಉಸ್ತಾದರಿಗೆ ಆ ಹುಡುಗನ ಹಳೆಯ ಪೆಟ್ಟುಗಳೆಲ್ಲ ಗೊತ್ತು. ನಮ್ಮ ಮುಂದೆ ಬಂದು ಮಲಗುವವರ ಬಗ್ಗೆ ನಮಗೆ ಏನೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಮೈಯನ್ನು ಮುಟ್ಟುವ ಮುನ್ನ ಏನನ್ನು ಕೇಳಬೇಕು, ಎಲ್ಲಿ ಒತ್ತಬಾರದು, ಯಾರನ್ನು ಮುಟ್ಟದೆಯೇ ಆಸ್ಪತ್ರೆಗೆ ಕಳುಹಿಸಬೇಕು ಎಂಬುದೇ ಈ ವೃತ್ತಿಯ ತಳಪಾಯ ಎಂದು ನಾನು ನಂಬಿದ್ದೇನೆ. ಹೊಸಬರಿಗೆ ಹೇಳಿಕೊಡುವಾಗ ಒತ್ತುವ ವಿಧಾನಗಳನ್ನು ನಾನು ಕೊನೆಗೆ ಇಟ್ಟುಕೊಳ್ಳುವುದೂ ಇದೇ ಕಾರಣಕ್ಕೆ.

ಮೊದಲ ಹಂತ: ಮೈಯೊಳಗೆ ಏನಿದೆ ಎಂದು ತಿಳಿಯುವುದು

ನಮ್ಮ ಕಡೆ ಮೈಯೊಳಗಿನ ನೋವಿಗೆಲ್ಲ ಒಂದೇ ಹೆಸರು, ನರ. ಬೆನ್ನಿನಲ್ಲಿ ಬಿಗಿದ ಸ್ನಾಯು ಕೈಗೆ ಸಿಕ್ಕರೂ ನರದ ಗಂಟು, ಕಾಲಿನ ಮೇಲೆ ನೀಲಿಯಾಗಿ ಉಬ್ಬಿದ ರಕ್ತನಾಳವೂ ನರ, ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯೂ ನರ, ನಿಜವಾದ ನರವೂ ನರವೇ. ಬಂದವರು ಹಾಗೆ ಹೇಳುವುದು ಸಹಜ, ಅವರನ್ನು ತಿದ್ದುವ ಅಗತ್ಯವಿಲ್ಲ. ಆದರೆ ಕೇಳಿಸಿಕೊಂಡ ನಾವು ಅದನ್ನು ಮನಸ್ಸಿನಲ್ಲೇ ಬಿಡಿಸಿಕೊಳ್ಳಬೇಕು, ಏಕೆಂದರೆ ಈ ನಾಲ್ಕಕ್ಕೂ ಮಾಡಬೇಕಾದದ್ದು ಬೇರೆ ಬೇರೆ. ಸ್ನಾಯು ಎಂದರೆ ಸಂಕುಚಿಸಿ ಸಡಿಲಗೊಳ್ಳುವ ಮಾಂಸದ ಭಾಗ, ಅದನ್ನು ನಾದಬಹುದು. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ ಸ್ನಾಯುರಜ್ಜು, ಮೂಳೆಗೆ ಮೂಳೆಯನ್ನು ಕಟ್ಟುವುದು ಅಸ್ಥಿರಜ್ಜು. ಉಳುಕಿದಾಗ ಏಟು ತಿನ್ನುವುದು ಸಾಮಾನ್ಯವಾಗಿ ಈ ಎರಡನೆಯದು, ಆದ್ದರಿಂದ ಹೊಸ ಉಳುಕನ್ನು ತಿಕ್ಕಿದರೆ ಬಾವು ಹೆಚ್ಚುತ್ತದೆ. ರಕ್ತನಾಳ ಉಬ್ಬಿ ತಿರುಚಿಕೊಂಡಿದ್ದರೆ ಅದರ ಮೇಲೆ ಒತ್ತಲೇಬಾರದು. ಇನ್ನು ನರವು ಮಿದುಳಿಗೂ ಮೈಗೂ ನಡುವೆ ಸಂದೇಶ ಒಯ್ಯುವ ತಂತಿ. ಅದನ್ನು ಒತ್ತಿದರೆ ಬರುವುದು ಹಿತವಾದ ನೋವಲ್ಲ. ಜೋಮು, ಉರಿ, ಕರೆಂಟು ಹೊಡೆದಂಥ ಚಳುಕು ಬರುತ್ತದೆ. ಯಾರಾದರೂ ‘ಚುರ್ ಅಂತು’ ಎಂದ ಕ್ಷಣವೇ ಬೆರಳು ಆ ಜಾಗ ಬಿಡಬೇಕು.

ವಯಸ್ಕರ ಮೈಯಲ್ಲಿ 206 ಮೂಳೆಗಳು, 600ಕ್ಕೂ ಹೆಚ್ಚು ಸ್ನಾಯುಗಳಿವೆ. ಎಲ್ಲದರ ಹೆಸರನ್ನೂ ಬಾಯಿಪಾಠ ಮಾಡಬೇಕಿಲ್ಲ, ಬೆನ್ನಿನಿಂದ ಆರಂಭಿಸಿದರೆ ಸಾಕು. ಬೆನ್ನುಮೂಳೆಯಲ್ಲಿ ಕತ್ತಿನ 7, ಎದೆಯ ಹಿಂಭಾಗದ 12, ಸೊಂಟದ 5 ಬಿಡಿ ಮಣಿಗಳಿದ್ದು, ಅವುಗಳ ಕೆಳಗಿನ ತ್ರಿಕಾಸ್ಥಿ ಮತ್ತು ಬಾಲದ ಮೂಳೆ ಕೂಡಿಕೊಂಡ ಮಣಿಗಳಿಂದ ಆಗಿವೆ. ಮಣಿಸಾಲಿನ ಎರಡೂ ಬದಿಗೆ ಹಗ್ಗ ಹೊಸೆದಂತೆ ಉದ್ದಕ್ಕೆ ನಿಂತ ಸ್ನಾಯುಗಳು ನಮ್ಮನ್ನು ನೆಟ್ಟಗೆ ನಿಲ್ಲಿಸುತ್ತವೆ, ನಮ್ಮ ಕೆಲಸ ಅವುಗಳ ಮೇಲೆ. ಮಣಿಗಳ ಮೇಲೆ ನೇರವಾಗಿ ಎಂದೂ ಒತ್ತಬಾರದು. ತಲೆಬುರುಡೆಯ ಹಿಂಭಾಗದಿಂದ ಇಳಿದು, ಎರಡೂ ಹೆಗಲಿಗೆ ಹರಡಿ, ಎದೆಯ ಕೊನೆಯ ಮಣಿಯವರೆಗೆ ಬರುವ ಪತಂಗದಾಕಾರದ ಸ್ನಾಯುವಿಗೆ ಟ್ರೆಪೀಜಿಯಸ್ ಎಂದು ಹೆಸರು. ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರಿಗೂ, ಇಡೀ ದಿನ ಮೊಬೈಲಿಗೆ ತಲೆ ಬಗ್ಗಿಸುವ ಕಾಲೇಜು ಹುಡುಗರಿಗೂ ಬಿಗಿಯುವುದು ಇದೇ.

ನೋವು ಇರುವ ಜಾಗವೇ ನೋವಿನ ಮೂಲ ಎಂದು ನಂಬಿಕೊಳ್ಳಬೇಡಿ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ, ತಾಸುಗಟ್ಟಲೆ ಕೂರುತ್ತಾರೆ. ಅವರು ತೋರಿಸುವುದು ಎರಡು ಹೆಗಲೆಲುಬುಗಳ ನಡುವಿನ ಜಾಗವನ್ನು. ಅಲ್ಲಿ ಕೈ ಇಟ್ಟರೆ ಸ್ನಾಯು ಗಟ್ಟಿಯಾಗಿಯೂ ಇರುತ್ತದೆ. ಆದರೆ ಅದು ಗಟ್ಟಿಯಾದದ್ದು ಎಳೆಸಿಕೊಂಡು ದಣಿದದ್ದಕ್ಕೆ. ಮೋಟಾಗಿ ಬಿಗಿದು ಹೆಗಲನ್ನು ಮುಂದಕ್ಕೆ ಎಳೆಯುತ್ತಿರುವುದು ಎದೆಯ ಮೇಲ್ಭಾಗದ ಸ್ನಾಯು. ಬೆನ್ನನ್ನಷ್ಟೇ ಒತ್ತಿ ಕಳುಹಿಸಿದರೆ ನೋವು ಮತ್ತೆ ಬರುತ್ತದೆ. ಹೆಗಲ ಮುಂಭಾಗವನ್ನೂ ಸಡಿಲಿಸಿ, ಬಾಗಿಲ ಚೌಕಟ್ಟಿಗೆ ಮುಂಗೈ ಆನಿಸಿ ಎದೆ ಹಿಗ್ಗಿಸುವ ವ್ಯಾಯಾಮ ಹೇಳಿಕೊಟ್ಟರೆ ಹೆಚ್ಚು ಅನುಕೂಲವಾಗುತ್ತದೆ. ಯಾರು ಯಾವ ಕೆಲಸ ಮಾಡುತ್ತಾರೆ, ಹೇಗೆ ಕೂರುತ್ತಾರೆ, ಯಾವ ಕೈ ಹೆಚ್ಚು ಬಳಸುತ್ತಾರೆ ಎಂದು ಕೇಳುವ ಅಭ್ಯಾಸ ಇರಬೇಕು. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನೊಂದಿಗೆ ಅಕ್ಕಿ ಹುರಿಯುವವರ ಮೈ ಹೇಳುವ ಕಥೆಯೇ ಬೇರೆ, ಹೆದ್ದಾರಿ 48ರಲ್ಲಿ ರಾತ್ರಿಯಿಡೀ ಲಾರಿ ಓಡಿಸಿ ಬಂದವರದ್ದೇ ಬೇರೆ.

ಎಚ್ಚರಿಕೆಯ ಜಾಗಗಳನ್ನು ನಿಮ್ಮ ಮೈಮೇಲೆಯೇ ಗುರುತಿಸಿಕೊಳ್ಳಿ. ಗಂಟಲಿನ ಮುಂಭಾಗ ಮತ್ತು ಎರಡೂ ಪಕ್ಕ, ಕೊರಳೆಲುಬಿನ ಮೇಲಿನ ಗುಳಿ, ಕಂಕುಳು, ಮೊಣಕೈಯ ಒಳಮಡಿಕೆ, ತೊಡೆಸಂದು, ಮೊಣಕಾಲಿನ ಹಿಂಭಾಗದ ಗುಳಿ, ಈ ಎಲ್ಲ ಕಡೆ ದೊಡ್ಡ ರಕ್ತನಾಳ ಅಥವಾ ನರಗಳು ಚರ್ಮಕ್ಕೆ ಹತ್ತಿರದಲ್ಲಿ ಹಾದುಹೋಗುತ್ತವೆ. ನಾಡಿ ಬಡಿಯುವ ಕಡೆ ಹೆಬ್ಬೆರಳು ಊರಬಾರದು ಎಂದು ನೆನಪಿಟ್ಟುಕೊಂಡರೆ ಬಹುಪಾಲು ಅಪಾಯ ತಪ್ಪುತ್ತದೆ. ಕತ್ತಿನ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತಿದರೆ ಹೃದಯದ ಬಡಿತ ತಗ್ಗಿ ಕಣ್ಣು ಕತ್ತಲಿಟ್ಟು ಬೀಳುವ ಸಾಧ್ಯತೆ ಇದೆ. ಕೆಳಗಿನ ಪಕ್ಕೆಲುಬುಗಳ ಹಿಂದೆ ಮೂತ್ರಪಿಂಡಗಳಿರುವುದರಿಂದ ಅಲ್ಲಿ ತಟ್ಟಬಾರದು, ಗುದ್ದಬಾರದು. ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕೆಂದು ತಿರುಗಿಸುವ ರೂಢಿಯನ್ನು ನೀವು ಎಂದೂ ಕೈಗೆತ್ತಿಕೊಳ್ಳಬೇಡಿ. ಕತ್ತಿನ ಮಣಿಗಳ ಒಳಗೆ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ, ಆ ಎಳೆತಕ್ಕೆ ಅವುಗಳ ಗೋಡೆ ಹರಿದರೆ ಪಾರ್ಶ್ವವಾಯು ಆಗಬಹುದು.

ಎರಡನೆಯ ಹಂತ: ಕೇಳುವುದು

ನಾನು ಹೊಸಬನಾಗಿದ್ದಾಗ ಹಿರಿಯರೊಬ್ಬರು ಬೆನ್ನುನೋವೆಂದು ಬಂದರು. ‘ಜೋರಾಗಿ ಒತ್ತಪ್ಪ, ನೋವಾಗಲಿಲ್ಲ ಅಂದ್ರೆ ಅದೇನು ಮಾಲೀಸು’ ಎಂದರು. ನಾನೂ ಹುರುಪಿನಲ್ಲಿ ಒತ್ತಿದೆ. ಎರಡು ದಿನ ಬಿಟ್ಟು ಅವರ ಮಗ ಫೋನಿನಲ್ಲಿ ಫೋಟೋ ತೋರಿಸಿದಾಗ ಬೆನ್ನಿನ ಮೇಲೆ ನನ್ನ ಹೆಬ್ಬೆರಳುಗಳು ಎಲ್ಲೆಲ್ಲಿ ಊರಿದ್ದವೋ ಅಲ್ಲೆಲ್ಲ ನೇರಳೆ ಬಣ್ಣದ ಕಲೆಗಳು ಎದ್ದಿದ್ದವು. ಅವರು ಹೃದಯದ ತೊಂದರೆಗೆ ರಕ್ತ ತೆಳುಗೊಳಿಸುವ ಮಾತ್ರೆ ನುಂಗುತ್ತಿದ್ದರು. ಅವರು ಹೇಳಲಿಲ್ಲ ಎಂಬುದು ನಿಜ, ಆದರೆ ನಾನು ಕೇಳಲೇ ಇಲ್ಲ. ತಪ್ಪು ಪೂರ್ತಿ ನನ್ನದು. ಅಂದಿನಿಂದ ಮಾತ್ರೆಯ ಪ್ರಶ್ನೆ ಕೇಳದೆ ಯಾರ ಮೈಗೂ ನಾನು ಕೈ ಹಚ್ಚಿಲ್ಲ.

ಕೇಳುವುದಕ್ಕೆ ಹತ್ತು ನಿಮಿಷ ಬೇಕು. ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವಯಸ್ಸು, ಕೆಲಸ, ನೋವು ಎಲ್ಲಿ ಮತ್ತು ಎಂದಿನಿಂದ, ಬಿದ್ದದ್ದು ಅಥವಾ ಪೆಟ್ಟಾದದ್ದು ಉಂಟೇ, ಆಪರೇಷನ್ ಆಗಿದೆಯೇ, ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಈಗ ನುಂಗುತ್ತಿರುವ ಮಾತ್ರೆಗಳು, ಚರ್ಮದ ಅಲರ್ಜಿ, ಹೆಂಗಸರಾದರೆ ಗರ್ಭಿಣಿಯೋ ಬಾಣಂತಿಯೋ ಎಂಬುದು. ‘ಏನಾದರೂ ಕಾಯಿಲೆ ಇದೆಯೇ’ ಎಂದು ಕೇಳಿದರೆ ನಮ್ಮವರು ಇಲ್ಲ ಎಂದೇ ಹೇಳುತ್ತಾರೆ, ಏಕೆಂದರೆ ಮಾತ್ರೆಯಿಂದ ಹತೋಟಿಯಲ್ಲಿರುವ ಬಿಪಿಯನ್ನು ಅವರು ಕಾಯಿಲೆ ಎಂದು ಎಣಿಸುವುದಿಲ್ಲ. ‘ದಿನಾ ಬೆಳಗ್ಗೆ ಯಾವ ಮಾತ್ರೆ ತಗೋತೀರಿ ಯಜಮಾನ್ರೇ’ ಎಂದು ಕೇಳಿ, ಆಗ ಜೇಬಿನಿಂದ ಚೀಟಿಯೇ ಹೊರಬರುತ್ತದೆ.

ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಅಂಗಾಲಿನ ಸ್ಪರ್ಶಜ್ಞಾನ ಕುಂದಿರಬಹುದು. ಅಂಥವರು ‘ಇನ್ನೂ ಜೋರಾಗಿ’ ಎನ್ನುವುದು ಸುಖಕ್ಕಲ್ಲ, ತಿಳಿಯದ್ದಕ್ಕೆ. ಅವರ ಪಾದಕ್ಕೆ ಬಿಸಿ ಎಣ್ಣೆಯಾಗಲಿ ಬಲವಾದ ಒತ್ತಾಗಲಿ ಬೇಡ. ಬೆರಳ ಸಂದುಗಳಲ್ಲಿ ಗಾಯವಿದೆಯೇ ಎಂದು ನೋಡಿ ತಿಳಿಸಿದರೆ ಅದೇ ದೊಡ್ಡ ಉಪಕಾರ. ಗರ್ಭಿಣಿಯರನ್ನು ಅವರ ವೈದ್ಯರ ಒಪ್ಪಿಗೆಯ ಮೇಲೆ, ಅದಕ್ಕೆಂದೇ ತರಬೇತಿ ಪಡೆದ ಮೇಲೆ ಮಾತ್ರ, ಎಡಮಗ್ಗುಲಿಗೆ ಮಲಗಿಸಿ ನೋಡಿಕೊಳ್ಳಬೇಕು. ಬಾಣಂತಿಗೆ ಎಣ್ಣೆ ನೀರು ಹಾಕುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿದೆ. ಸಿಸೇರಿಯನ್ ಆಗಿದ್ದರೆ ಹೊಲಿಗೆಯ ಸುತ್ತ ಮುಟ್ಟದೆ, ವೈದ್ಯರು ಒಪ್ಪಿದ ದಿನದವರೆಗೆ ಕಾಯಬೇಕು.

ಮೂರನೆಯ ಹಂತ: ಬೇಡ ಎನ್ನಲು ಕಲಿಯುವುದು

ಒಂದೇ ಮೀನಖಂಡ ಊದಿಕೊಂಡಿದೆ, ಮುಟ್ಟಿದರೆ ಇನ್ನೊಂದಕ್ಕಿಂತ ಬಿಸಿ, ಬಣ್ಣ ಕೆಂಪಗೆ ತಿರುಗಿದೆ, ನೋವಿದೆ. ಬಂದವರು ಹೇಳುವುದು, ‘ರಾತ್ರಿ ಬಸ್ಸಿನಲ್ಲಿ ಕೂತು ಕಾಲು ಹಿಡ್ಕೊಂಡತಿ, ಸ್ವಲ್ಪ ಉಜ್ಜಿಬಿಡ್ರಿ.’ ಈ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಅದು ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದರ ಲಕ್ಷಣ ಇರಬಹುದು. ಉಜ್ಜಿದರೆ ಆ ಹೆಪ್ಪು ಕಿತ್ತುಕೊಂಡು ರಕ್ತದೊಂದಿಗೆ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು ತರಬಹುದು. ದೀರ್ಘ ಪ್ರಯಾಣ, ಇತ್ತೀಚಿನ ಆಪರೇಷನ್, ಹಾಸಿಗೆ ಹಿಡಿದಿರುವುದು, ಬಸಿರು, ಬಾಣಂತನ, ಇವೆಲ್ಲ ಈ ಅನುಮಾನವನ್ನು ಹೆಚ್ಚಿಸುತ್ತವೆ. ಅಂಥ ಕಾಲನ್ನು ಮುಟ್ಟದೆ, ಅಂದೇ ಆಸ್ಪತ್ರೆಗೆ ಹೋಗಲು ಹೇಳಿ. ಹೇಳಿ ಸುಮ್ಮನಾಗಬೇಡಿ, ಮನೆಯವರನ್ನು ಕರೆದು ತಿಳಿಸಿ.

ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಡುತ್ತ ಬೆವರುತ್ತಿರುವವರು ಭುಜ ಹಿಡಿದಿದೆ ಎಂದು ಬಂದರೂ ಅದು ಮಾಲೀಸಿನ ಸಮಯವಲ್ಲ, 108ಕ್ಕೆ ಕರೆ ಮಾಡಿ. ಸೊಂಟ ನೋವಿನೊಂದಿಗೆ ತೊಡೆಗಳ ನಡುವೆ ಜೋಮು, ಕಾಲಿನಲ್ಲಿ ಬಲ ಇಲ್ಲದಿರುವುದು, ಮೂತ್ರದ ಹತೋಟಿ ತಪ್ಪುವುದು ಕಂಡರೆ ಗಂಟೆ ಗಂಟೆಯೂ ಮುಖ್ಯ, ಆಸ್ಪತ್ರೆಗೆ ಕಳುಹಿಸಿ. ಬೆನ್ನುನೋವಿನ ಜೊತೆ ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ವೈದ್ಯರು ನೋಡುವವರೆಗೆ ಮುಟ್ಟಬೇಡಿ, ಬೆನ್ನುಮೂಳೆಯ ಕ್ಷಯವೂ ಹಾಗೆ ಕಾಣಿಸಿಕೊಳ್ಳುತ್ತದೆ. ಜ್ವರ, ಕಜ್ಜಿ, ಹುಳಕಡ್ಡಿ, ತೆರೆದ ಗಾಯ, ಎರಡು ಮೂರು ದಿನದೊಳಗಿನ ಉಳುಕು, ಮೂಳೆ ಮುರಿದ ಅನುಮಾನ, ಇವುಗಳಲ್ಲೂ ಬೇಡ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಅವರ ವೈದ್ಯರು ಹೇಳಿದಂತೆ ನಡೆಯಬೇಕು.

ಬೇಡ ಎಂದರೆ ಗಿರಾಕಿ ಕೈತಪ್ಪುತ್ತಾರೆ ಎಂಬ ಭಯ ಹೊಸಬರಿಗೆ ಇರುತ್ತದೆ. ನನ್ನ ಅನುಭವದಲ್ಲಿ ಹಾಗೆ ಕಳುಹಿಸಿದವರೇ ಗುಣವಾದ ಮೇಲೆ ಮನೆಮಂದಿಯನ್ನು ಕರೆದುಕೊಂಡು ಬಂದಿದ್ದಾರೆ.

ಎಣ್ಣೆ, ಜಾಗ, ನಿಲ್ಲುವ ರೀತಿ

ಶೇಂಗಾ ಬೆಳೆಯುವ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿರುವ ಈ ಸೀಮೆಯಲ್ಲಿ ಎಣ್ಣೆಗೆ ಬರವಿಲ್ಲ. ಆದರೆ ಶೇಂಗಾ ಅಲರ್ಜಿ ಇರುವವರೂ ಇದ್ದಾರೆ, ಕೇಳಿಯೇ ಬಳಸಿ. ಎಳ್ಳೆಣ್ಣೆ ಎಲ್ಲ ಕಾಲಕ್ಕೂ ನಡೆಯುತ್ತದೆ. ಕೊಬ್ಬರಿ ಎಣ್ಣೆ ಬೇಸಿಗೆಗೆ ಹಗುರ, ಡಿಸೆಂಬರ್ ಬೆಳಗ್ಗೆ ಹೆಪ್ಪುಗಟ್ಟಿರುತ್ತದೆ. ಹರಳೆಣ್ಣೆ ಅಂಟು ಹೆಚ್ಚಾದ್ದರಿಂದ ಬೇರೆ ಎಣ್ಣೆಗೆ ಸ್ವಲ್ಪ ಬೆರೆಸಿ ಬಳಸಬೇಕು. ನೀಲಗಿರಿಯಂಥ ಸುಗಂಧ ತೈಲಗಳನ್ನು ನೇರವಾಗಿ ಚರ್ಮಕ್ಕೆ ಹಚ್ಚಬಾರದು, 100 ಮಿಲಿ ಎಣ್ಣೆಗೆ 1ರಿಂದ 2 ಮಿಲಿ ಸಾಕು. ಮೊದಲ ಬಾರಿ ಬಂದವರಾದರೆ ಅವರ ಮುಂಗೈ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ ಒಂದು ದಿನ ಕಾಯುವುದು ಒಳ್ಳೆಯದು. ಎಣ್ಣೆಯನ್ನು ಬಟ್ಟಲಲ್ಲಿಟ್ಟು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ನಿಮ್ಮ ಮಣಿಕಟ್ಟಿನ ಮೇಲೆ ನೋಡಿಕೊಂಡು, ಮೊದಲು ನಿಮ್ಮ ಅಂಗೈಗೆ ಸುರಿದುಕೊಳ್ಳಿ. ಮಲಗಿದವರ ಮೈಮೇಲೆ ನೇರವಾಗಿ ಸುರಿಯಬೇಡಿ. ಎಣ್ಣೆ ಹತ್ತಿದ ಟವೆಲುಗಳನ್ನು ಒಂದರ ಮೇಲೊಂದು ಗುಡ್ಡೆ ಹಾಕಿಡುವುದು ವಾಸನೆಗಷ್ಟೇ ಅಲ್ಲ, ಬೆಂಕಿಗೂ ಕಾರಣವಾಗಬಹುದು. ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆದು, ಬಿಸಿಲಿಗೆ ಹರವಿ ಒಣಗಿಸಿ.

ಮಂಚದ ಎತ್ತರಕ್ಕೆ ಒಂದು ಸರಳ ಅಳತೆ ಇದೆ. ಪಕ್ಕದಲ್ಲಿ ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿದರೆ ಬೆರಳ ಗಿಣ್ಣುಗಳು ಮಂಚದ ಮೇಲ್ಮೈಗೆ ತಾಕಬೇಕು. ಎತ್ತರ ಹೆಚ್ಚಾದರೆ ನಿಮ್ಮ ಹೆಗಲು, ಕಡಿಮೆಯಾದರೆ ನಿಮ್ಮ ಸೊಂಟ ಸವೆಯುತ್ತದೆ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ನಿಂತು, ಮಣಿಕಟ್ಟನ್ನು ಹೆಚ್ಚು ಮಡಚದೆ, ಮೈಭಾರವನ್ನು ಮುಂದಕ್ಕೆ ವಾಲಿಸಿದರೆ ಒತ್ತು ತಾನಾಗಿ ಬರುತ್ತದೆ. ತೋಳಿನ ಬಲದಿಂದ ತಳ್ಳುವವರು ಈ ವೃತ್ತಿಯಲ್ಲಿ ಬಹಳ ವರ್ಷ ಉಳಿಯುವುದಿಲ್ಲ.

ಕೊನೆಯ ಹಂತ: ಕೈ ಕೆಲಸ

ಸ್ವೀಡಿಷ್ ಮಸಾಜ್ ಎಂದು ಜಗತ್ತೆಲ್ಲ ಕರೆಯುವ ಪದ್ಧತಿಯಲ್ಲಿ ಐದು ಮೂಲ ವಿಧಾನಗಳಿವೆ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಅವರ ಹೆಸರನ್ನು ಇದಕ್ಕೆ ಅಂಟಿಸುವುದು ರೂಢಿಯಾದರೂ, ಈ ವಿಧಾನಗಳನ್ನು ಕ್ರಮವಾಗಿ ವಿಂಗಡಿಸಿದ ಕೀರ್ತಿ ಹಾಲೆಂಡಿನ ವೈದ್ಯ ಯೋಹಾನ್ ಗೆಯೋರ್ಗ್ ಮೆಟ್ಸ್‌ಗರ್ (1838–1909) ಅವರಿಗೆ ಸಲ್ಲಬೇಕು. ಪುಸ್ತಕಗಳಲ್ಲಿ ಇವುಗಳಿಗೆ ಫ್ರೆಂಚ್ ಹೆಸರುಗಳಿವೆ, ನಮಗೆ ಅವು ಬೇಕಿಲ್ಲ, ಕನ್ನಡದಲ್ಲಿ ಆಗಲೇ ಮಾತುಗಳಿವೆ: ನೀವುವುದು, ನಾದುವುದು, ಉಜ್ಜುವುದು, ತಟ್ಟುವುದು, ನಡುಗಿಸುವುದು.

ಬೆನ್ನಿನಿಂದ ಆರಂಭಿಸಿ. ಎರಡೂ ಅಂಗೈಗಳನ್ನು ಸೊಂಟದ ಮೇಲೆ, ಬೆನ್ನುಮೂಳೆಯ ಎರಡು ಬದಿಗೆ ಇಟ್ಟು ಒಂದೆರಡು ಉಸಿರಿನಷ್ಟು ಹೊತ್ತು ಹಾಗೆಯೇ ಬಿಡಿ. ಅನಂತರ ಹೆಗಲಿನವರೆಗೆ ನೀವುತ್ತ ಹೋಗಿ, ಪಕ್ಕದಿಂದ ಹಗುರವಾಗಿ ಇಳಿಸಿ. ಮೂರು ನಾಲ್ಕು ಬಾರಿ ನೀವಿದಾಗಲೇ ಕೈಗೆ ಸುದ್ದಿ ಸಿಗುತ್ತದೆ, ಎಲ್ಲಿ ಬಿಸಿ, ಎಲ್ಲಿ ಬಿಗಿ, ಎಲ್ಲಿ ಮುಟ್ಟಿದರೆ ಮೈ ಹಿಂಜರಿಯುತ್ತದೆ ಎಂದು. ಆಮೇಲೆ ರೊಟ್ಟಿ ಹಿಟ್ಟು ನಾದಿದಂತೆ ಸ್ನಾಯುವನ್ನು ಎತ್ತಿ ಹಿಸುಕಿ ಬಿಡಬೇಕು. ಚರ್ಮವನ್ನು ಚಿವುಟಬಾರದು, ಅಂಗೈ ತುಂಬ ಮಾಂಸ ಹಿಡಿಯಬೇಕು. ಗಂಟು ಸಿಕ್ಕ ಕಡೆ ಮಾತ್ರ ಬೆರಳ ತುದಿಯಿಂದ ಸಣ್ಣ ಸುತ್ತಿನಲ್ಲಿ ಉಜ್ಜಿ, ಅರ್ಧ ನಿಮಿಷಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲಬೇಡಿ. ಮತ್ತೆ ನೀವುತ್ತ ಮುಗಿಸಿ. ಕೈಕಾಲುಗಳಲ್ಲಿ ಬಲವಾದ ಒತ್ತು ತುದಿಯಿಂದ ಹೃದಯದ ಕಡೆಗೆ ಇರಲಿ, ಮರಳುವ ಕೈ ಹಗುರವಾಗಿರಲಿ. ಅಲ್ಲಿನ ಅಭಿಧಮನಿಗಳಲ್ಲಿ ರಕ್ತವನ್ನು ಹೃದಯದತ್ತ ಮಾತ್ರ ಬಿಡುವ ಕವಾಟಗಳಿವೆ ಎಂಬುದೇ ಇದಕ್ಕೆ ಕಾರಣ.

ಒತ್ತು ಎಷ್ಟಿರಬೇಕು? ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಲು ಹೇಳಿ, ಆರನ್ನು ದಾಟಿಸಬೇಡಿ. ಆದರೆ ಬಾಯಿಮಾತನ್ನಷ್ಟೇ ನೆಚ್ಚಿಕೊಳ್ಳಬೇಡಿ. ‘ನಡೀತತಿ ಬಿಡ್ರಿ’ ಎಂದು ಹಲ್ಲು ಕಚ್ಚಿ ಸಹಿಸುವವರು ನಮ್ಮಲ್ಲಿ ಬಹಳ. ಉಸಿರು ಹಿಡಿದಿದ್ದಾರೆಯೇ, ಕಾಲಿನ ಹೆಬ್ಬೆರಳು ಮಡಚಿದೆಯೇ, ಮುಷ್ಟಿ ಬಿಗಿದಿದೆಯೇ ಎಂದು ನೋಡಿ. ನಿಮ್ಮ ಬೆರಳಿನ ಕೆಳಗೆ ಸ್ನಾಯು ಎದುರು ತಳ್ಳುತ್ತಿದ್ದರೆ ಒತ್ತು ಹೆಚ್ಚಾಗಿದೆ ಎಂದೇ ಅರ್ಥ.

ಮಸಾಜಿನಿಂದ ವಿಷ ಹೊರಹೋಗುತ್ತದೆ, ಬೊಜ್ಜು ಕರಗುತ್ತದೆ, ಸವೆದ ಮಣಿ ಕೂಡಿಕೊಳ್ಳುತ್ತದೆ ಎಂದು ಯಾರಿಗೂ ಹೇಳಬೇಡಿ, ಅದು ಸುಳ್ಳು. ಸ್ನಾಯುನೋವು ಕೆಲವು ಕಾಲ ತಗ್ಗುತ್ತದೆ, ಬಿಗಿ ಸಡಿಲುತ್ತದೆ, ಮನಸ್ಸು ಹಗುರಾಗುತ್ತದೆ. ಅಷ್ಟನ್ನು ಹೇಳಿದರೆ ಸಾಕು, ಅದೇನೂ ಸಣ್ಣದಲ್ಲ.

ಒಪ್ಪಿಗೆ, ಮರ್ಯಾದೆ, ಕಾಗದಪತ್ರ

ಎಲ್ಲೆಲ್ಲಿ ಮುಟ್ಟುತ್ತೀರಿ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಬಂದವರು ಬಟ್ಟೆ ಸಡಿಲಿಸಿ ಮಲಗುವವರೆಗೆ ಕೋಣೆಯಿಂದ ಹೊರಗಿರಿ, ಒಳಗೆ ಬರುವಾಗ ಕದ ತಟ್ಟಿ. ಕೆಲಸ ನಡೆಯುವ ಅಂಗವನ್ನು ಬಿಟ್ಟು ಉಳಿದದ್ದೆಲ್ಲ ದುಪ್ಪಟಿಯ ಒಳಗಿರಬೇಕು. ನಮ್ಮ ಊರುಗಳಲ್ಲಿ ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಎಂಬ ಏರ್ಪಾಡೇ ಇಬ್ಬರಿಗೂ ನಿರಾಳ. ಮಕ್ಕಳಾದರೆ ತಂದೆಯೋ ತಾಯಿಯೋ ಕೋಣೆಯಲ್ಲಿ ಇರಲೇಬೇಕು. ಯಾರಾದರೂ ಅಸಭ್ಯವಾಗಿ ಮಾತಾಡಿದರೆ ಅಲ್ಲಿಗೇ ನಿಲ್ಲಿಸಿ ಹೊರಬರುವ ಹಕ್ಕು ನಿಮಗಿದೆ, ಅದಕ್ಕೆ ಸಂಕೋಚ ಬೇಡ. ಒಬ್ಬರ ಮೈಯ ಸಂಗತಿ ಇನ್ನೊಬ್ಬರ ಕಿವಿಗೆ ಬೀಳಬಾರದು. ಸಣ್ಣ ಊರಿನಲ್ಲಿ ಈ ನಿಯಮ ಇನ್ನಷ್ಟು ಮುಖ್ಯ.

ಸರ್ಟಿಫಿಕೇಟು ಕೊಡುವ ತರಬೇತಿಗೆ ಸೇರುವ ಮುನ್ನ ಅಲ್ಲಿ ಅಂಗರಚನೆ ಕಲಿಸುತ್ತಾರೆಯೇ, ಮೇಲ್ವಿಚಾರಣೆಯಲ್ಲಿ ಕೈ ಅಭ್ಯಾಸ ಎಷ್ಟು ಗಂಟೆ ಎಂದು ವಿಚಾರಿಸಿ. ಫಿಸಿಯೋಥೆರಪಿ ಬೇರೆ ವೃತ್ತಿ, 2021ರ ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಓದದವರು ಬೋರ್ಡಿನಲ್ಲಿ ಆ ಹೆಸರನ್ನಾಗಲಿ ಡಾಕ್ಟರ್ ಎಂದಾಗಲಿ ಬರೆಸಬಾರದು. ಸ್ವಂತ ಕೇಂದ್ರ ತೆರೆಯುವುದಾದರೆ ಸ್ಥಳೀಯ ಸಂಸ್ಥೆಯಿಂದ ವ್ಯಾಪಾರ ಪರವಾನಗಿ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿ.

ಪ್ರತಿ ಬಾರಿ ಮುಗಿದ ಮೇಲೆ ನಾಲ್ಕು ಸಾಲು ಬರೆದಿಡಿ: ಅವರು ಏನು ಹೇಳಿದರು, ನಿಮ್ಮ ಕೈಗೆ ಏನು ಸಿಕ್ಕಿತು, ಏನು ಮಾಡಿದಿರಿ, ಮುಂದಿನ ಸಲ ಏನು ನೋಡಬೇಕು. ಮಲಗಿದವರನ್ನು ಥಟ್ಟನೆ ಎಬ್ಬಿಸಬೇಡಿ, ಪಕ್ಕಕ್ಕೆ ತಿರುಗಿಸಿ, ಒಂದು ನಿಮಿಷ ಕೂರಿಸಿ, ಎಣ್ಣೆ ಅಂಟಿದ ಅಂಗಾಲನ್ನು ಒರೆಸಿ ನೆಲಕ್ಕೆ ಇಳಿಸಿ. ನಯವಾದ ಟೈಲ್ಸಿನ ಮೇಲೆ ಜಾರಿ ಬಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ಆರಂಭದಲ್ಲಿ ದಿನಕ್ಕೆ ಮೂವರಿಗಿಂತ ಹೆಚ್ಚು ಬೇಡ, ಪಳಗಿದ ಮೇಲೂ ಐದು ಸಾಕು, ನಡುವೆ ಹದಿನೈದು ನಿಮಿಷದ ಬಿಡುವಿರಲಿ. ಹೆಬ್ಬೆರಳಿನ ಬುಡ ನೋಯಲು ತೊಡಗಿದರೆ ಅಂದಿನಿಂದಲೇ ಹೆಬ್ಬೆರಳನ್ನು ಬಿಟ್ಟು ಅಂಗೈಯ ಬುಡ, ಮುಷ್ಟಿ, ಮುಂಗೈಯಿಂದ ಕೆಲಸ ಮಾಡಿ. ನೋವು ವಾರ ಕಳೆದರೂ ಇಳಿಯದಿದ್ದರೆ ಬಂದವರಿಗೆ ನೀವು ಹೇಳುವುದನ್ನೇ ನೀವೂ ಮಾಡಿ, ವೈದ್ಯರಿಗೆ ತೋರಿಸಿ.